ಐತಿಹಾಸಿಕ ತಾಣದ ಪತ್ರಾಗಾರದಲ್ಲಿ ಪ್ರಾಕ್ಟಿಕಮ್: ಮೊದಲ ಪತ್ರದಿಂದ ಕೊನೆಯ ಬಾಕ್ಸ್‌ವರೆಗೆ

ಹಳೆಯ ಅರಮನೆ, ಕೋಟೆ ಅಥವಾ ದೊಡ್ಡ ಮನೆಯೊಂದು ಈಗ ಮ್ಯೂಸಿಯಂ ಆಗಿದೆ ಅಂದುಕೊಳ್ಳಿ. ಅದರ ಲೈಬ್ರರಿ ಮತ್ತು ಪತ್ರಾಗಾರದಲ್ಲಿ ನೀವು ವಾಲಂಟಿಯರ್ ಆಗಿ ಕೆಲವು ತಿಂಗಳು ಕೆಲಸ ಮಾಡಬೇಕು. ಕಾಲೇಜಿಗೆ ವರದಿ ಕೊಡಬೇಕು. ಇಂಥ ಪ್ರಾಕ್ಟಿಕಮ್‌ಗೆ ಹೊರಟವರು ನನ್ನನ್ನು ಮೊದಲು ಕೇಳುವುದು ಒಂದೇ: ‘ಅಲ್ಲಿ ಹೋಗಿ ನಾನು ಏನು ಮಾಡಲಿ?’ ನಾನೂ ವಿದ್ಯಾರ್ಥಿಯಾಗಿ ಇದೇ ಪ್ರಶ್ನೆ ಹೊತ್ತುಕೊಂಡು ಹೋಗಿದ್ದೆ. ಅಂದು ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ಜಾಗದಲ್ಲಿ ಒಂದು ಕಾಗದದ ಬೆಲೆ ಅದರಲ್ಲಿ ಬರೆದಿರುವ ಅಕ್ಷರದಲ್ಲಿ ಮಾತ್ರ ಇಲ್ಲ. ಅದು ಎಲ್ಲಿಂದ ಬಂತು, ಯಾವ ಕಾಗದದ ಪಕ್ಕದಲ್ಲಿತ್ತು, ಯಾವ ಕೋಣೆಗೆ ಸೇರಿದ್ದು ಅನ್ನುವುದರಲ್ಲೂ ಇದೆ. ಆ ನಂಟು ಕಡಿಯದ ಹಾಗೆ ಕೆಲಸ ಮಾಡುವುದೇ ನೀವು ಕಲಿಯಬೇಕಾದ ವಿದ್ಯೆ. ಉಳಿದದ್ದೆಲ್ಲ ಅದಕ್ಕೆ ಬೇಕಾದ ಕೈಕೆಲಸ.

ಮೊದಲು ತಿಳಿಯಬೇಕಾದ್ದು: ಅಲ್ಲಿ ಏನಿರುತ್ತದೆ

ಸಾಮಾನ್ಯವಾಗಿ ಮೂರು ಬಗೆಯ ಸಂಗ್ರಹ ಒಂದೇ ಸೂರಿನಡಿ ಇರುತ್ತದೆ. ಒಂದು, ಪುಸ್ತಕಗಳು. ಇದರಲ್ಲೂ ಎರಡು ಬಗೆ. ಸಿಬ್ಬಂದಿ ಓದಲು ತಂದ ಹೊಸ ಪುಸ್ತಕಗಳು ಬೇರೆ, ಆ ಮನೆಯವರೇ ಓದುತ್ತಿದ್ದ ಹಳೆಯ ಪುಸ್ತಕಗಳು ಬೇರೆ. ಎರಡನೆಯದನ್ನು ಮ್ಯೂಸಿಯಂ ವಸ್ತುವಿನಂತೆಯೇ ನೋಡಬೇಕು. ಅಂಚಿನಲ್ಲಿ ಯಾರೋ ಗೀಚಿದ ಟಿಪ್ಪಣಿಯೂ ಅಲ್ಲಿ ದಾಖಲೆಯೇ.

ಎರಡು, ಪತ್ರಾಗಾರದ ಕಾಗದಗಳು: ಪತ್ರಗಳು, ಲೆಕ್ಕದ ಪುಸ್ತಕಗಳು, ದಿನಚರಿಗಳು, ಆಳುಕಾಳುಗಳ ಸಂಬಳದ ಪಟ್ಟಿ, ಫೋಟೋಗಳು.

ಮೂರನೆಯದನ್ನು ಹೆಚ್ಚಿನ ವಿದ್ಯಾರ್ಥಿಗಳು ಗಮನಿಸುವುದೇ ಇಲ್ಲ. ಅದು ಆ ತಾಣವನ್ನು ಉಳಿಸಿಕೊಂಡು ಬಂದವರ ದಾಖಲೆ. ದುರಸ್ತಿಯ ವರದಿ, ಅಳತೆ ನಕ್ಷೆ, ಗೋಡೆ ಕೆರೆದಾಗ ಕಂಡ ಬಣ್ಣದ ಪದರಗಳ ಟಿಪ್ಪಣಿ, ಚಾವಣಿ ಬಿಚ್ಚಿದಾಗ ತೆಗೆದ ಫೋಟೋ. ನೋಡಲು ಬರೀ ಆಫೀಸ್ ಫೈಲು. ಆದರೆ ನನ್ನ ಮಟ್ಟಿಗೆ ಇದೇ ಬಂಗಾರ. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ರಾಜಧಾನಿ ವಾರ್ಸಾದ ಹಳೇ ಪಟ್ಟಣ ನೆಲಸಮವಾಯಿತು. ಯುದ್ಧಕ್ಕೂ ಮುಂಚೆ ಅಲ್ಲಿನ ಪಾಲಿಟೆಕ್ನಿಕ್‌ನ ವಾಸ್ತುಶಿಲ್ಪ ವಿಭಾಗದ ಮೇಷ್ಟ್ರುಗಳೂ ವಿದ್ಯಾರ್ಥಿಗಳೂ ಆ ಕಟ್ಟಡಗಳನ್ನು ಅಳೆದು ನಕ್ಷೆ ಬರೆದಿದ್ದರು. ಯುದ್ಧದ ನಡುವೆ ಆ ನಕ್ಷೆಗಳನ್ನು ನಗರದಿಂದ ಹೊರಗೆ ಸಾಗಿಸಿ ಬಚ್ಚಿಟ್ಟರು. ಪಟ್ಟಣವನ್ನು ಮತ್ತೆ ಕಟ್ಟುವಾಗ ಅವು ಕೈಗೆ ಬಂದವು. 1980ರಲ್ಲಿ ಆ ಹಳೇ ಪಟ್ಟಣ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ವಿದ್ಯಾರ್ಥಿಗಳು ಪಾಠಕ್ಕೆಂದು ಬರೆದ ನಕ್ಷೆಯೂ ಒಂದು ಊರನ್ನು ಮತ್ತೆ ಎಬ್ಬಿಸಲು ನೆರವಾಯಿತು, ನೋಡಿ.

ಪತ್ರ ಬರೆಯುವುದು, ಒಪ್ಪಂದ ಮಾಡಿಕೊಳ್ಳುವುದು

ಮೊದಲ ಪತ್ರ ಚಿಕ್ಕದಾಗಿರಲಿ. ನೀವು ಯಾರು, ಎಷ್ಟು ಗಂಟೆ ಕೆಲಸ ಮಾಡಬೇಕು, ವಾರದಲ್ಲಿ ಯಾವ ದಿನ ಬರಬಲ್ಲಿರಿ, ಏನು ಗೊತ್ತಿದೆ. ಇಷ್ಟು ಸಾಕು. ‘ನನಗೆ ಇತಿಹಾಸ ಅಂದ್ರೆ ತುಂಬಾ ಇಷ್ಟ’ ಅನ್ನುವ ಸಾಲು ಎಲ್ಲರ ಪತ್ರದಲ್ಲೂ ಇರುತ್ತದೆ. ಬದಲಿಗೆ ಅವರ ಸಂಗ್ರಹದಲ್ಲಿ ನಿಮ್ಮನ್ನು ಎಳೆದ ಒಂದು ನಿರ್ದಿಷ್ಟ ವಿಷಯವನ್ನು ಹೇಳಿ. ಹಳೆಯ ಕೈಬರಹ ಓದಲು ಬಂದರೆ, ಇನ್ನೊಂದು ಭಾಷೆ ಗೊತ್ತಿದ್ದರೆ, ಸ್ಪ್ರೆಡ್‌ಶೀಟ್ ಚೆನ್ನಾಗಿ ಬಂದರೆ ಖಂಡಿತ ಬರೆಯಿರಿ.

ಒಪ್ಪಿದ ಮೇಲೆ ಮೂರು ವಿಷಯ ಕಾಗದದ ಮೇಲೆ ಬರಲಿ. ನಿಮ್ಮ ಕೆಲಸ ನೋಡುವವರು ಯಾರು? ಕೊನೆಗೆ ನಿಮ್ಮ ಕೈಯಿಂದ ಹೊರಬರಬೇಕಾದದ್ದು ಏನು? ಅದರ ಬಗ್ಗೆ ನೀವು ವರದಿಯಲ್ಲಿ ಎಷ್ಟು ಬರೆಯಬಹುದು, ಯಾವ ಫೋಟೋ ಬಳಸಬಹುದು?

ಎರಡನೆಯದರಲ್ಲಿ ಆಸೆ ಜಾಸ್ತಿ ಬೇಡ. 120 ಗಂಟೆ ಅಂದರೆ ದೊಡ್ಡದಾಗಿ ಕೇಳಿಸುತ್ತದೆ. ದಿನಕ್ಕೆ 8 ಗಂಟೆಯಂತೆ ಲೆಕ್ಕ ಹಾಕಿದರೆ ಬರೀ 15 ದಿನ. ಅದರಲ್ಲಿ ಮೂರು ದಿನ ಕಲಿಯುವುದಕ್ಕೆ, ಎರಡು ದಿನ ಕೊನೆಯ ಹಸ್ತಾಂತರಕ್ಕೆ ಹೋಗುತ್ತದೆ. ಹಾಗಾಗಿ ‘ಇಡೀ ಫೋಟೋ ಸಂಗ್ರಹದ ಕ್ಯಾಟಲಾಗ್’ ಅಂತ ಒಪ್ಪಿಕೊಳ್ಳಬೇಡಿ. ‘ಒಂದು ದಶಕದ ದುರಸ್ತಿ ಫೋಟೋಗಳ ಪಟ್ಟಿ’ ಅನ್ನಿ. ಮುಗಿದ ಸಣ್ಣ ಕೆಲಸ ಆ ತಾಣಕ್ಕೆ ಉಪಯೋಗಕ್ಕೆ ಬರುತ್ತದೆ. ಅರ್ಧಕ್ಕೆ ನಿಂತ ದೊಡ್ಡ ಕೆಲಸ ಮುಂದಿನವರಿಗೆ ಹೊರೆಯಾಗುತ್ತದೆ.

ಮೊದಲ ವಾರ: ಮುಟ್ಟುವ ಮುಂಚೆ ನಡೆಯಿರಿ

ಬಾಕ್ಸ್ ತೆರೆಯಲು ಕೈ ತುರಿಸುತ್ತದೆ, ಗೊತ್ತು. ಸ್ವಲ್ಪ ತಡೆಯಿರಿ. ಮೊದಲು ಇಡೀ ತಾಣವನ್ನು ನೆಲಮಹಡಿಯ ನಕ್ಷೆ ಹಿಡಿದು ಸುತ್ತಿ. ಪ್ರವಾಸಿಗರ ಜೊತೆ ಗೈಡ್ ಹೇಳುವುದನ್ನು ಒಮ್ಮೆ ಕೇಳಿ. ಆಮೇಲೆ ಒಬ್ಬರೇ ಸುತ್ತಿ. ಹಿಂಬಾಗಿಲು, ಅಟ್ಟ, ಆಳುಗಳ ಮೆಟ್ಟಿಲು, ನೀರಿನ ವ್ಯವಸ್ಥೆ ಎಲ್ಲವನ್ನೂ ನೋಡಿ.

ಸುತ್ತುವಾಗಲೇ ಒಂದು ಪಟ್ಟಿ ಶುರು ಮಾಡಿ: ಕೋಣೆಗಳ ಹೆಸರಿನ ಪಟ್ಟಿ. ಐತಿಹಾಸಿಕ ತಾಣದ ಪತ್ರಾಗಾರದಲ್ಲಿ ಇದರಷ್ಟು ಉಪಯೋಗದ ಸಾಧನ ನನಗೆ ಬೇರೆ ಸಿಕ್ಕಿಲ್ಲ. ಒಂದೇ ಕೋಣೆಗೆ ಕಾಲಕಾಲಕ್ಕೆ ಬೇರೆ ಬೇರೆ ಹೆಸರು ಇರುತ್ತದೆ. ಒಂದು ತಲೆಮಾರಿನ ಪತ್ರದಲ್ಲಿ ‘ಚಿಕ್ಕ ಕೋಣೆ’ ಅಂತ ಇದ್ದದ್ದು ಮುಂದಿನ ತಲೆಮಾರಿಗೆ ‘ಬರೆಯುವ ಕೋಣೆ’ ಆಗುತ್ತದೆ. ದುರಸ್ತಿಯ ಎಂಜಿನಿಯರ್ ಅದನ್ನೇ ‘ಕೋಣೆ 14’ ಅನ್ನುತ್ತಾರೆ. ಇವತ್ತಿನ ಗೈಡ್ ಮತ್ತೊಂದು ಹೆಸರು ಹೇಳುತ್ತಾರೆ. ಈ ನಾಲ್ಕೂ ಒಂದೇ ಜಾಗ ಅಂತ ಗೊತ್ತಿಲ್ಲದಿದ್ದರೆ ಪತ್ರವನ್ನೂ ಫೋಟೋವನ್ನೂ ನಕ್ಷೆಯನ್ನೂ ಜೋಡಿಸುವುದು ಹೇಗೆ? ಸ್ಪ್ರೆಡ್‌ಶೀಟ್‌ನಲ್ಲಿ ಐದು ಕಾಲಂ ಹಾಕಿ: ಈಗಿನ ಹೆಸರು, ಹಳೆಯ ಹೆಸರು, ಯಾವ ವರ್ಷಗಳಲ್ಲಿ ಬಳಕೆ, ಎಲ್ಲಿ ಸಿಕ್ಕಿತು, ಎಷ್ಟು ಖಚಿತ. ಪ್ರಾಕ್ಟಿಕಮ್ ಮುಗಿಯುವವರೆಗೂ ಇದು ಬೆಳೆಯುತ್ತಲೇ ಇರಲಿ.

ಇದೇ ವಾರ ಅಕ್ಸೆಷನ್ ರಿಜಿಸ್ಟರ್ ಓದಿ. ಏನು, ಯಾವಾಗ, ಯಾರಿಂದ ಬಂತು ಅನ್ನುವ ಪುಸ್ತಕ ಅದು. ಯಾವ ಬಾಕ್ಸ್‌ನಲ್ಲಿ ಏನಿದೆ ಅಂತ ಹೇಳುವ ಹಳೆಯ ಫೈಂಡಿಂಗ್ ಏಡ್‌ಗಳನ್ನೂ ಓದಿ. ಹಿಂದಿನವರು ಹೇಗೆ ಯೋಚಿಸಿದರು ಅಂತ ತಿಳಿಯುತ್ತದೆ.

ಕೈ, ಪೆನ್ಸಿಲ್, ಬೆಳಕು

ಸಿನಿಮಾದಲ್ಲಿ ಹಳೆಯ ಪುಸ್ತಕ ಮುಟ್ಟುವವರು ಬಿಳಿ ಹತ್ತಿ ಗ್ಲೌಸ್ ಹಾಕಿರುತ್ತಾರೆ, ಅಲ್ವಾ? ಕಾಗದಕ್ಕೆ ಅದು ಒಳ್ಳೆಯದಲ್ಲ. ಬೆರಳಿಗೆ ಸ್ಪರ್ಶ ತಿಳಿಯುವುದಿಲ್ಲ. ಹತ್ತಿಯ ಎಳೆ ಹರಿದ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿದ ಬರಿಗೈ ಉತ್ತಮ. ಕ್ರೀಮ್, ಲೋಷನ್ ಬೇಡ. ಫೋಟೋ, ನೆಗೆಟಿವ್ ಮತ್ತು ಲೋಹದ ವಸ್ತುಗಳಿಗೆ ಮಾತ್ರ ನೈಟ್ರೈಲ್ (ರಬ್ಬರಿನಂಥ ತೆಳು) ಗ್ಲೌಸ್ ಹಾಕಿ, ಏಕೆಂದರೆ ಬೆರಳಿನ ಎಣ್ಣೆ ಅವುಗಳ ಮೇಲೆ ಗುರುತು ಬಿಟ್ಟುಬಿಡುತ್ತದೆ.

ಮೇಜಿನ ಮೇಲೆ ಪೆನ್ಸಿಲ್ ಮಾತ್ರ. ಪೆನ್ನು, ನೀರಿನ ಬಾಟಲಿ, ಸ್ಟಿಕಿ ನೋಟ್ ಹೊರಗೆ. ಸ್ಟಿಕಿ ನೋಟ್ ತೆಗೆದ ಮೇಲೂ ಅದರ ಅಂಟು ಕಾಗದದ ಮೇಲೆ ಉಳಿಯುತ್ತದೆ. ಕಪಾಟಿನಿಂದ ಪುಸ್ತಕ ತೆಗೆಯುವಾಗ ಬೆನ್ನಿನ ಮೇಲ್ತುದಿಗೆ ಬೆರಳು ಹಾಕಿ ಎಳೆಯಬೇಡಿ. ಹಳೆಯ ಪುಸ್ತಕಗಳು ಮೊದಲು ಹರಿಯುವುದೇ ಅಲ್ಲಿ. ಎರಡೂ ಪಕ್ಕದ ಪುಸ್ತಕಗಳನ್ನು ಸ್ವಲ್ಪ ಒಳಕ್ಕೆ ತಳ್ಳಿ, ಬೇಕಾದ ಪುಸ್ತಕದ ನಡುಭಾಗ ಹಿಡಿದು ತೆಗೆಯಿರಿ. ತೆರೆದಾಗ ಎರಡೂ ಬದಿಗೆ ಫೋಮ್ ಆಸರೆ ಕೊಡಿ. 180 ಡಿಗ್ರಿ ಬಿಡಿಸಲು ಹೋಗಬೇಡಿ.

ಕಾಗದ ಏಕೆ ಇಷ್ಟು ಬೇಗ ಪುಡಿಯಾಗುತ್ತದೆ ಅನ್ನುವುದೂ ಗೊತ್ತಿರಲಿ. ಹಳೆಯ ಚಿಂದಿಬಟ್ಟೆಯ ಕಾಗದ ನೂರಾರು ವರ್ಷ ಬಾಳುತ್ತದೆ. 19ನೇ ಶತಮಾನದ ನಡುವಿನ ನಂತರ ಮರದ ತಿರುಳಿನ ಕಾಗದ ಬಂತು. ಅದಕ್ಕೆ ಹಾಕುತ್ತಿದ್ದ ಪಟಿಕ ಮತ್ತು ರಾಳದಿಂದ ಆಮ್ಲ ಹುಟ್ಟುತ್ತದೆ. ಆ ಆಮ್ಲ ಕಾಗದವನ್ನು ಒಳಗಿನಿಂದಲೇ ತಿನ್ನುತ್ತದೆ. ಅದಕ್ಕೇ 1700ರ ಪತ್ರ ಗಟ್ಟಿಯಾಗಿದ್ದು, 1900ರ ವೃತ್ತಪತ್ರಿಕೆ ಮುಟ್ಟಿದರೆ ಮುರಿಯುತ್ತದೆ. ಕಬ್ಬಿಣ ಮತ್ತು ಮಾಚಿಕಾಯಿಯ ಶಾಯಿಯಲ್ಲಿ ಬರೆದ ಪತ್ರಗಳಲ್ಲಿ ಶಾಯಿಯೇ ಕಾಗದವನ್ನು ಸುಟ್ಟ ಹಾಗೆ ತೂತು ಮಾಡಿರುತ್ತದೆ. ಅಂಥದ್ದನ್ನು ಬಾಗಿಸಬೇಡಿ, ಕೆಳಗೊಂದು ಗಟ್ಟಿ ಹಾಳೆ ಇಟ್ಟೇ ಎತ್ತಿ.

ಇಲ್ಲಿ ಕಟ್ಟಡವೂ ಒಂದು ದಾಖಲೆ. ಗೋಡೆಗೆ ಟೇಪ್ ಅಂಟಿಸುವುದು, ಕಿಟಕಿಯ ಕಟ್ಟೆಯ ಮೇಲೆ ಬ್ಯಾಗ್ ಇಡುವುದು, ಸೆಕೆ ಅಂತ ಕಿಟಕಿ ತೆರೆಯುವುದು ಯಾವುದನ್ನೂ ಕೇಳದೆ ಮಾಡಬೇಡಿ. ಪ್ರದರ್ಶನದಲ್ಲಿರುವ ಕಾಗದಕ್ಕೆ ಬೀಳುವ ಬೆಳಕನ್ನು ಸಾಮಾನ್ಯವಾಗಿ 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಆಸುಪಾಸಿಗೆ ಇಳಿಸುತ್ತಾರೆ. ಕೋಣೆ ಮಬ್ಬಾಗಿರುವುದು ಅದಕ್ಕೇ.

ಸರ್ವೆ: ನೋಡಿ, ಬರೆಯಿರಿ, ಕದಲಿಸಬೇಡಿ

ಇಲ್ಲಿ ನನ್ನ ಕಥೆ ಹೇಳಲೇಬೇಕು. ನನಗೆ ಕೊಟ್ಟ ಮೊದಲ ಬಾಕ್ಸ್‌ನಲ್ಲಿ ಪತ್ರಗಳ ಕಟ್ಟುಗಳಿದ್ದವು. ತಾರೀಖು ಹಿಂದುಮುಂದು. ಒಂದು ಕಟ್ಟಿನಲ್ಲಿ ಬಡಗಿಯ ಪತ್ರ, ಬಟ್ಟೆ ಅಂಗಡಿಯ ಬಿಲ್ಲು, ಯಾರದ್ದೋ ಶುಭಾಶಯ ಎಲ್ಲ ಕಲೆತಿದ್ದವು. ಸಹಾಯ ಮಾಡುತ್ತೇನೆ ಅಂತ ಅವನ್ನೆಲ್ಲ ಬಿಚ್ಚಿ ತಾರೀಖಿನ ಪ್ರಕಾರ ಜೋಡಿಸಿದೆ. ಎರಡು ದಿನ ಹಿಡಿಯಿತು. ನನ್ನ ಮೇಲ್ವಿಚಾರಕರು ಬಂದು ನೋಡಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು: ಆ ಒಂದೊಂದು ಕಟ್ಟೂ ಒಂದೊಂದು ಕೋಣೆಯ ನವೀಕರಣದ ಕಾಗದಗಳಾಗಿದ್ದವು. ಬಟ್ಟೆಯ ಬಿಲ್ಲು ಯಾವ ಕೋಣೆಯ ಪರದೆಗೆ ಸೇರಿದ್ದು ಅಂತ ಹೇಳುತ್ತಿದ್ದದ್ದು ಅದು ಯಾವ ಕಟ್ಟಿನಲ್ಲಿತ್ತು ಅನ್ನುವುದು ಮಾತ್ರ. ಆ ಬಿಲ್ಲಿನ ಮೇಲೆ ಕೋಣೆಯ ಹೆಸರು ಇರಲಿಲ್ಲ. ಕೆಲವನ್ನು ಮಡಿಕೆಯ ಗುರುತು ನೋಡಿ ಹಿಂದಕ್ಕೆ ಸೇರಿಸಿದೆವು. ಎಲ್ಲವನ್ನೂ ಆಗಲಿಲ್ಲ. ಇವತ್ತಿಗೂ ನೆನೆಸಿಕೊಂಡರೆ ಸಂಕಟವಾಗುತ್ತದೆ.

ಈ ತತ್ವ ಹೊಸದೇನಲ್ಲ. ಒಬ್ಬರ ಕಾಗದಗಳನ್ನು ಇನ್ನೊಬ್ಬರದರ ಜೊತೆ ಕಲೆಸಬಾರದು ಅಂತ ಫ್ರಾನ್ಸ್‌ನಲ್ಲಿ 1841ರಲ್ಲೇ ಸುತ್ತೋಲೆ ಹೊರಟಿತ್ತು. ಕಾಗದಗಳು ಹುಟ್ಟಿದ ಕ್ರಮವನ್ನೇ ಉಳಿಸಬೇಕು ಅನ್ನುವುದನ್ನು 1898ರಲ್ಲಿ ಮೂವರು ಡಚ್ ಪತ್ರಾಗಾರ ತಜ್ಞರು ವಿವರವಾಗಿ ಬರೆದಿಟ್ಟರು. ನಾನು ಅದನ್ನು ಪರೀಕ್ಷೆಗೆ ಓದಿದ್ದೆ. ಆದರೆ ಅದರ ಅರ್ಥ ಹೊಳೆದದ್ದು ಆ ಬಾಕ್ಸ್ ಎದುರು ನಿಂತಾಗ.

ಹಾಗಾಗಿ ನೀವು ಹೀಗೆ ಮಾಡಿ. ಬಾಕ್ಸ್ ತೆರೆದ ತಕ್ಷಣ ಮೇಲಿಂದ ಒಂದು ಫೋಟೋ ತೆಗೆಯಿರಿ. ಒಂದು ಸಲಕ್ಕೆ ಒಂದೇ ಫೋಲ್ಡರ್ ಹೊರಗೆ ಬರಲಿ. ಅದಿದ್ದ ಜಾಗದಲ್ಲಿ ಒಂದು ಗುರುತಿನ ಹಾಳೆ ಇಡಿ. ಕಟ್ಟು ಇದ್ದರೆ ಬಿಚ್ಚುವ ಮುಂಚೆ ಅದರ ಮೇಲಿನ ಬರಹ, ದಾರದ ಗಂಟು, ಮಡಿಕೆ ಎಲ್ಲದರ ಫೋಟೋ ಇರಲಿ. ಪಟ್ಟಿಯಲ್ಲಿ ಬಾಕ್ಸ್ ನಂಬರ್, ಫೋಲ್ಡರ್ ನಂಬರ್, ಏನಿದೆ, ಯಾವ ವರ್ಷಗಳದ್ದು, ಸ್ಥಿತಿ ಹೇಗಿದೆ, ಯಾವ ಕೋಣೆಗೆ ಸಂಬಂಧ ಅಂತ ಬರೆಯುತ್ತಾ ಹೋಗಿ. ಕ್ರಮವೇ ಇಲ್ಲ ಅನ್ನಿಸಿದರೂ ಇಡೀ ಸರಣಿ ನೋಡಿ ಮುಗಿಸುವ ತನಕ ಏನನ್ನೂ ಕದಲಿಸಬೇಡಿ. ಗೊಂದಲದಂತೆ ಕಂಡದ್ದು ಎಷ್ಟೋ ಸಲ ಯಾರದ್ದೋ ಅಭ್ಯಾಸ ಆಗಿರುತ್ತದೆ.

ಹೊಸ ಫೋಲ್ಡರ್‌ಗೆ ಹಾಕುವುದು

ಕೆಲಸ ಸರಳ, ತಾಳ್ಮೆ ಬೇಕು. ತುಕ್ಕು ಹಿಡಿದ ಗುಂಡುಸೂಜಿ, ಕ್ಲಿಪ್ ಸುಲಭವಾಗಿ ಬಂದರೆ ಮಾತ್ರ ತೆಗೆಯಿರಿ. ಕಾಗದಕ್ಕೆ ಅಂಟಿಕೊಂಡಿದ್ದರೆ ಬಿಟ್ಟುಬಿಡಿ, ಸಂರಕ್ಷಕರಿಗೆ ಹೇಳಿ. ಸೂಜಿ ಹಿಡಿದಿದ್ದ ಹಾಳೆಗಳು ಒಟ್ಟಿಗೆ ಇದ್ದವು ಅನ್ನುವುದು ಕಳೆಯಬಾರದು. ಅವನ್ನು ಆಮ್ಲರಹಿತ ಹಾಳೆಯ ಮಡಿಕೆಯಲ್ಲಿ ಒಟ್ಟಿಗೇ ಇಡಿ. ಫೋಲ್ಡರ್ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಆಮೇಲೆ ಕಾಗದ ಒಳಗಿಡಿ. ಒಳಗೆ ಇಟ್ಟು ಮೇಲೆ ಬರೆದರೆ ಒತ್ತು ಬೀಳುತ್ತದೆ. ಹರಿದದ್ದಕ್ಕೆ ಟೇಪ್ ಹಾಕಲೇಬೇಡಿ.

ಲಕೋಟೆಗಳನ್ನು ಎಸೆಯಬೇಡಿ. ಅಂಚೆಯ ಮುದ್ರೆಯಲ್ಲಿ ತಾರೀಖೂ ಊರೂ ಇರುತ್ತದೆ.

ವಿವರಣೆ ಬರೆಯುವುದು

ಅಂತಾರಾಷ್ಟ್ರೀಯ ಪತ್ರಾಗಾರ ಮಂಡಳಿಯ ಐಸಾಡ್-ಜಿ ಅನ್ನುವ ಮಾನದಂಡ 1994ರಲ್ಲಿ ಬಂತು. ಅದರ ಪ್ರಕಾರ ಸಂಗ್ರಹಗಳನ್ನು ವಿನಿಮಯ ಮಾಡಿಕೊಳ್ಳಲು ಆರು ಸಂಗತಿ ಇರಲೇಬೇಕು: ಗುರುತಿನ ಸಂಖ್ಯೆ, ಶೀರ್ಷಿಕೆ, ಯಾರು ಸೃಷ್ಟಿಸಿದ್ದು, ಕಾಲ, ಎಷ್ಟಿದೆ, ಯಾವ ಹಂತದ ವಿವರಣೆ. ಹಂತ ಅಂದರೆ ಇಡೀ ಸಂಗ್ರಹವೋ, ಅದರೊಳಗಿನ ಸರಣಿಯೋ, ಒಂದು ಫೈಲೋ, ಒಂದು ಹಾಳೆಯೋ ಅನ್ನುವುದು. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತಾ ಬರೆಯಬೇಕು. ಮೇಲೆ ಹೇಳಿದ್ದನ್ನು ಕೆಳಗೆ ಮತ್ತೆ ಹೇಳಬಾರದು. ನಿಮ್ಮ ತಾಣ ಬೇರೆ ಪದ್ಧತಿ ಬಳಸುತ್ತಿದ್ದರೆ ಅದನ್ನೇ ಹಿಡಿಯಿರಿ.

ಶೀರ್ಷಿಕೆಗೆ ಶ್ರಮ ಹಾಕಿ. ‘ಹಳೆಯ ಪತ್ರಗಳು’ ಅಂದರೆ ಏನೂ ಹೇಳಿದಂತಾಗಲಿಲ್ಲ. ‘ಪೂರ್ವದ ಮೊಗಸಾಲೆಯ ಚಾವಣಿ ದುರಸ್ತಿ ಬಗ್ಗೆ ಬಡಗಿಯ ಪತ್ರಗಳು ಮತ್ತು ಬಿಲ್ಲುಗಳು’ ಅಂದರೆ ಹುಡುಕುವವರಿಗೆ ಸಿಗುತ್ತದೆ. ‘ಸುಂದರ’, ‘ಅಪರೂಪ’, ‘ಮಹತ್ವದ’ ಇಂಥ ಪದ ಬೇಡ. ನಾಳೆ ಬರುವ ಸಂಶೋಧಕರೇ ಅದನ್ನು ತೀರ್ಮಾನಿಸಲಿ. ಕಾಗದದ ಮೇಲೆ ತಾರೀಖಿಲ್ಲದೆ ನೀವು ಊಹಿಸಿದ್ದರೆ ಅದನ್ನು ಚೌಕ ಆವರಣದಲ್ಲಿ ಹಾಕಿ. ಯಾವ ಆಧಾರದ ಮೇಲೆ ಊಹಿಸಿದಿರಿ ಅಂತ ಟಿಪ್ಪಣಿಯಲ್ಲಿ ಬರೆಯಿರಿ.

ಫೋಟೋಗಳ ವಿಷಯಕ್ಕೆ ಬಂದರೆ ನನಗೆ ಮಾತು ನಿಲ್ಲುವುದಿಲ್ಲ. ಐತಿಹಾಸಿಕ ತಾಣದಲ್ಲಿ ಫೋಟೋ ವಿವರಿಸುವಾಗ ಎಲ್ಲರೂ ಮಧ್ಯದಲ್ಲಿ ನಿಂತ ಜನರ ಬಗ್ಗೆ ಬರೆಯುತ್ತಾರೆ. ನೀವು ಹಿಂದಿನ ಗೋಡೆಯನ್ನೂ ನೋಡಿ. ಕ್ಯಾಮೆರಾ ಯಾವ ದಿಕ್ಕಿಗೆ ಮುಖ ಮಾಡಿದೆ? ಆ ಕಿಟಕಿ ಈಗಲೂ ಇದೆಯಾ? ಕಂಬದ ಬಣ್ಣ ಗಾಢವೋ ತಿಳಿಯೋ? ಗೋಡೆಯ ಮೇಲೆ ತೇವದ ಕಲೆ ಎಲ್ಲಿವರೆಗೆ ಏರಿದೆ? ಫೋಟೋದ ಒಂದು ಪ್ರತಿ ಹಿಡಿದು ಆ ಜಾಗಕ್ಕೇ ಹೋಗಿ ನಿಂತು ನೋಡಿ. ಹಾಗೆ ನಿಂತಾಗಲೇ ನಾನು ಒಂದು ಫೋಟೋ ತಿರುಗುಮುರುಗಾಗಿ ಪ್ರಿಂಟ್ ಆಗಿದೆ ಅಂತ ಕಂಡುಕೊಂಡೆ. ಮೆಟ್ಟಿಲು ಎಡಕ್ಕೆ ತಿರುಗಬೇಕಿತ್ತು, ಫೋಟೋದಲ್ಲಿ ಬಲಕ್ಕೆ ತಿರುಗಿತ್ತು. ಬೇರೆ ಯಾವ ಪತ್ರಾಗಾರದಲ್ಲೂ ಸಿಗದ ಅನುಕೂಲ ಇದು. ದಾಖಲೆ ಮತ್ತು ಅದು ಹೇಳುವ ಜಾಗ ಎರಡೂ ನಿಮ್ಮ ಎದುರಿಗೇ ಇವೆ.

ಸ್ಕ್ಯಾನಿಂಗ್

ಇದಕ್ಕೆ ಎಲ್ಲರೂ ಹಾತೊರೆಯುತ್ತಾರೆ. ಆದರೆ ವಿವರಣೆ ಇಲ್ಲದ ಸ್ಕ್ಯಾನ್ ಹೆಸರಿಲ್ಲದ ಕಾಗದವಿದ್ದಂತೆ. ಪಟ್ಟಿ ಮುಗಿದ ಮೇಲೆ ಸ್ಕ್ಯಾನ್ ಮಾಡಿ. ಸಾಮಾನ್ಯ ಪತ್ರಗಳಿಗೆ ಇಂಚಿಗೆ 300ರಿಂದ 400 ಪಿಕ್ಸೆಲ್, ಚಿಕ್ಕ ಫೋಟೋಗಳಿಗೆ 600 ಅಥವಾ ಹೆಚ್ಚು. ಮೂಲ ಪ್ರತಿ ಟಿಫ್‌ನಲ್ಲಿ, ನೋಡಲು ಜೆಪೆಗ್. ಎರಡೂ ಚಿತ್ರದ ಫೈಲಿನ ಬಗೆಗಳು. ಖಾಲಿ ಹಿಂಬದಿ ಅಂತ ಬಿಡಬೇಡಿ, ಒಮ್ಮೆ ತಿರುಗಿಸಿ ನೋಡಿ. ಫೈಲ್ ಹೆಸರಿನಲ್ಲಿ ದಾಖಲೆಯ ಗುರುತಿನ ಸಂಖ್ಯೆ ಇರಲಿ. ‘ಫೈನಲ್’, ‘ಹೊಸದು’ ಅಂತ ಹೆಸರಿಡಬೇಡಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಈ ವ್ಯವಸ್ಥೆ ಇದೆಯಾ ಅಂತ ಮೊದಲೇ ಕೇಳಿ.

ಎಚ್ಚರ ಬೇಕಾದ ಕಡೆ

ಹಸಿ ಬೂಷ್ಟು ಕಂಡರೆ ಊದಬೇಡಿ, ಒರೆಸಬೇಡಿ. ಬಾಕ್ಸ್ ಮುಚ್ಚಿ, ಬೇರೆ ಇಡಿಸಿ, ತಕ್ಷಣ ತಿಳಿಸಿ. ಹಳೆಯ ಫಿಲ್ಮ್‌ನಿಂದ ವಿನಿಗರ್ ವಾಸನೆ ಬಂದರೆ ಅದು ಫಿಲ್ಮ್ ಮಾಡಿದ ಅಸಿಟೇಟ್ ಎಂಬ ಪ್ಲಾಸ್ಟಿಕ್ ಕೊಳೆಯುತ್ತಿರುವ ಗುರುತು. 1950ರ ದಶಕದ ಆರಂಭದವರೆಗೂ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮ್ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಅದನ್ನು ನೀವಾಗಿ ಮುಟ್ಟಬೇಡಿ.

19ನೇ ಶತಮಾನದ ಕಡು ಹಸಿರು ಬಟ್ಟೆಯ ರಟ್ಟಿನ ಪುಸ್ತಕಗಳ ಬಗ್ಗೆ ವಿಶೇಷ ಜಾಗ್ರತೆ ಇರಲಿ. ಕೆಲವದರ ಬಣ್ಣದಲ್ಲಿ ಆರ್ಸೆನಿಕ್ ಇದೆ. ಅಮೆರಿಕದ ವಿಂಟರ್ಥರ್ ಎಂಬ ತಾಣದಲ್ಲಿ 2019ರಲ್ಲಿ ಇಂಥ ಪುಸ್ತಕಗಳನ್ನು ಗುರುತಿಸುವ ಯೋಜನೆ ಶುರುವಾಯಿತು. ವಿಂಟರ್ಥರ್ ಕೂಡ ಒಂದು ಹಳೆಯ ಮನೆ, ಮ್ಯೂಸಿಯಂ, ಲೈಬ್ರರಿ ಮೂರೂ ಆಗಿರುವ ಜಾಗ. ಅನುಮಾನ ಬಂದರೆ ನೈಟ್ರೈಲ್ ಗ್ಲೌಸ್ ಹಾಕಿ, ಕೈ ತೊಳೆಯಿರಿ, ಮೇಲ್ವಿಚಾರಕರಿಗೆ ಹೇಳಿ.

ನೀರಿನ ಅನಾಹುತದ ಯೋಜನೆ ಎಲ್ಲಿದೆ ಅಂತ ಮೊದಲ ದಿನವೇ ಕೇಳಿಟ್ಟುಕೊಳ್ಳಿ. ಒದ್ದೆಯಾದ ಕಾಗದಕ್ಕೆ ಸುಮಾರು 48 ಗಂಟೆಯೊಳಗೆ ಬೂಷ್ಟು ಹಿಡಿಯಲು ಶುರುವಾಗಬಹುದು. 1966ರ ನವೆಂಬರ್‌ನಲ್ಲಿ ಇಟಲಿಯ ಆರ್ನೋ ನದಿ ಫ್ಲಾರೆನ್ಸ್‌ಗೆ ನುಗ್ಗಿದಾಗ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಕೆಸರಿನಿಂದ ಪುಸ್ತಕಗಳನ್ನು ಕೈಯಿಂದ ಕೈಗೆ ದಾಟಿಸಿ ಹೊರತಂದವರಲ್ಲಿ ವಿದ್ಯಾರ್ಥಿಗಳು ಬಹಳ ಮಂದಿ. ಜನ ಅವರನ್ನು ‘ಕೆಸರಿನ ದೇವತೆಗಳು’ ಅಂತ ಕರೆದರು.

ಇನ್ನೊಂದು ಬಗೆಯ ಎಚ್ಚರವೂ ಬೇಕು. ಕಾಯಿಲೆ, ಸಾಲ, ಶಿಕ್ಷೆ, ದತ್ತು, ಇಂಥ ಖಾಸಗಿ ಸಂಗತಿ ಸಿಗುತ್ತವೆ. ಅವರ ಮಕ್ಕಳು, ಮೊಮ್ಮಕ್ಕಳು ಈಗಲೂ ಇರಬಹುದು. ಮೊಬೈಲ್‌ನಲ್ಲಿ ಫೋಟೋ ತೆಗೆದು ಗೆಳೆಯರಿಗೆ ಕಳಿಸಬೇಡಿ. ಆಳುಗಳನ್ನು, ಗುಲಾಮರನ್ನು ಹೀನಾಯವಾಗಿ ಕರೆದ ಮಾತುಗಳೂ ಸಿಗುತ್ತವೆ. ಮೂಲದ ಪದವನ್ನು ಅಳಿಸಬಾರದು. ಆದರೆ ನಿಮ್ಮ ವಿವರಣೆಯ ಭಾಷೆ ನಿಮ್ಮದೇ ಆಗಿರಲಿ. ಸಂಬಳದ ಪಟ್ಟಿಯಲ್ಲಿ ಅವರ ಹೆಸರು ಇದ್ದರೆ ದಯವಿಟ್ಟು ಅದನ್ನು ಸೂಚಿಯಲ್ಲಿ ಸೇರಿಸಿ. ಒಡೆಯರ ಹೆಸರು ಹತ್ತು ಕಡೆ ಸಿಗುತ್ತದೆ. ಅಡುಗೆಯವರ ಹೆಸರು ಅಲ್ಲೊಂದೇ ಕಡೆ ಇರಬಹುದು.

ದಿನಚರಿ ಮತ್ತು ಹಸ್ತಾಂತರ

ಪ್ರತಿ ದಿನ ಹೊರಡುವ ಮುಂಚೆ 15 ನಿಮಿಷ ಬರೆಯಿರಿ. ಯಾವ ಬಾಕ್ಸ್, ಏನು ಮಾಡಿದೆ, ಏನು ತೀರ್ಮಾನಿಸಿದೆ, ಯಾಕೆ. ಸುಮ್ನೆ ‘ಬಾಕ್ಸ್ 6 ಮುಗಿಯಿತು’ ಅಂತಲ್ಲ. ಕಾಲೇಜಿನ ವರದಿ ಇದರಿಂದಲೇ ಅರ್ಧ ಸಿದ್ಧವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಐದು ವರ್ಷದ ನಂತರ ‘ಈ ಫೋಲ್ಡರ್ ಯಾಕೆ ಇಲ್ಲಿದೆ?’ ಅಂತ ಯಾರೋ ಕೇಳಿದರೆ ಉತ್ತರ ಅದರಲ್ಲಿರುತ್ತದೆ. ತಪ್ಪು ಮಾಡಿದ್ದರೂ ಬರೆಯಿರಿ. ನಾನು ಕಲೆಸಿದ ಆ ಪತ್ರಗಳ ಫೋಲ್ಡರ್‌ನಲ್ಲಿ ಈಗಲೂ ಒಂದು ಚೀಟಿ ಇದೆ, ಈ ಕ್ರಮ ಮೂಲದ್ದಲ್ಲ, ಇಂಥ ದಿನ ಬದಲಾಯಿತು ಅಂತ.

ಕೊನೆಯ ಎರಡು ದಿನ ಹೊಸ ಬಾಕ್ಸ್ ತೆರೆಯಬೇಡಿ. ಪಟ್ಟಿಯ ಹತ್ತು ಸಾಲುಗಳನ್ನು ಎಲ್ಲೆಲ್ಲಿಂದಲೋ ಆರಿಸಿ, ಆ ಹತ್ತೂ ದಾಖಲೆಗಳನ್ನು ಬೇರೆ ಯಾರಿಂದಲಾದರೂ ಹುಡುಕಿಸಿ. ಅವರಿಗೆ ಸಿಗದಿದ್ದರೆ ಪಟ್ಟಿ ತಿದ್ದಿ. ಕೋಣೆಗಳ ಹೆಸರಿನ ಪಟ್ಟಿಯ ಒಂದು ಪ್ರತಿಯನ್ನು ಗೈಡ್‌ಗಳಿಗೂ ಕೊಡಿ. ಅವರಿಗೆ ಅದು ಬಹಳ ಖುಷಿ ಕೊಡುತ್ತದೆ, ಎರಡು ಮೂರು ತಿದ್ದುಪಡಿಯನ್ನೂ ಹೇಳುತ್ತಾರೆ. ಪಾಸ್‌ವರ್ಡ್, ಕೀಲಿ, ಐಡಿ ಕಾರ್ಡ್ ಹಿಂದಿರುಗಿಸಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿರುವ ಸ್ಕ್ಯಾನ್ ಪ್ರತಿಗಳನ್ನು ಅವರ ಎದುರಲ್ಲೇ ಅಳಿಸಿ. ಅರ್ಧ ಆದ ಬಾಕ್ಸ್ ಇದ್ದರೆ ಅದರ ಮೇಲೊಂದು ಹಾಳೆ ಇಡಿ: ಫೋಲ್ಡರ್ 1ರಿಂದ 11 ಮುಗಿದಿದೆ, 12ರಿಂದ ಮುಟ್ಟಿಲ್ಲ, ಮೂಲ ಕ್ರಮದಲ್ಲೇ ಇದೆ. ಕೆಳಗೆ ತಾರೀಖು ಮತ್ತು ನಿಮ್ಮ ಹೆಸರು, ಪೆನ್ಸಿಲ್‌ನಲ್ಲಿ.